ಎಕ್ಸ್ ಹೊಡೆದುಹಾಕಿದ ಲೆಕ್ಕ

ಉರ್ವ ಮಾರ್ಕೆಟಿನ ಹಿಂದೆ ಮನೆಯ ಮಹಡಿಯಲ್ಲಿ ಟ್ಯೂಶನ್ ಕೊಡುವ ಉಮಾವತಿ ಟೀಚರ್ ಎರಡು ವರ್ಷಗಳಿಂದ ಒಂದು ಲೆಕ್ಕವನ್ನು ಬೋರ್ಡಿನಲ್ಲಿ ಮಾಡಿಲ್ಲ. ಎಕ್ಸ್ ವರ್ಗ ಐದು ಎಕ್ಸಿಗೆ ಸಮ, ಎಕ್ಸ್ ಎಷ್ಟು? ಹತ್ತನೇ ಕ್ಲಾಸಿನವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಅದು ಬಂತೆಂದರೆ ಮನೆಗೆ ಕೊಟ್ಟು ಪುಟ ಮಗುಚಿಬಿಡುತ್ತಾರೆ. ಮಾಡಲು ಹೊರಟರೆ ಡೆರಿಲ್‌ನ ಸ್ವರ ಕೇಳುತ್ತದೆ. ಅಲ್ಲೇ ಕಲಿಯುತ್ತಿದ್ದ ಹುಡುಗ ಡೆರಿಲ್ ಸತ್ತು ಎರಡು ವರ್ಷವಾಯಿತು.

ಆಗೊಮ್ಮೆ ಈ ಲೆಕ್ಕ ಮಾಡುವಾಗ ಟೀಚರ್ ಅವಸರದಲ್ಲಿ ಎರಡೂ ಕಡೆಯಿಂದ ಒಂದೊಂದು ಎಕ್ಸ್ ಹೊಡೆದುಹಾಕಿ, ಉತ್ತರ ಐದು ಎಂದು ಗೆರೆ ಎಳೆದಿದ್ದರು. ಮರುದಿನ ಡೆರಿಲ್ ಎಲ್ಲರಿಗಿಂತ ಮೊದಲೇ ಬಂದ. ಬೇರೆ ಮಕ್ಕಳೆದುರು ಕೇಳಿದರೆ ಟೀಚರಿಗೆ ಬೇಸರವಾದೀತು ಎಂಬಷ್ಟು ಬುದ್ಧಿ ಪಾಪ ಆ ಹುಡುಗನಿಗಿತ್ತು. "ಟೀಚರ್, ಸೊನ್ನೆಯೂ ಉಂಟಲ್ಲ?" ಎಂದ.

ಇತ್ತು, ಖಂಡಿತ ಇತ್ತು. ಎಕ್ಸ್ ಸೊನ್ನೆಯಾದರೂ ಎರಡೂ ಬದಿ ಸಮವೇ. ಎಕ್ಸ್ ಹೊಡೆದುಹಾಕಿದ್ದರಿಂದ ಆ ಉತ್ತರವೇ ಕಾಣೆಯಾಗಿತ್ತು. ಟೀಚರಿಗೆ ಆ ಕ್ಷಣವೇ ಹೊಳೆಯಿತು, ಆದರೆ ಇಪ್ಪತ್ತೈದು ವರ್ಷ ಪಾಠ ಮಾಡಿದ ಸೊಕ್ಕು ಬಿಡಬೇಕಲ್ಲ! ಕೋಪ ನೆತ್ತಿಗೇರಿತು. ಅಧಿಕಪ್ರಸಂಗ ಮಾಡುವವನು ಇವತ್ತು ಕ್ಲಾಸಿಗೆ ಕೂರುವುದೇ ಬೇಡ ಎಂದು ಅಟ್ಟಿದರು. ಅಂದು ಸಂಜೆ ಉಳ್ಳಾಲದ ಸಮುದ್ರ ಅವನನ್ನು ಎಳೆದುಕೊಂಡಿತು.

ಅವನ ತಾಯಿ ಜೆಸ್ಸಿ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್. ಮಗನನ್ನು ಮಣ್ಣು ಮಾಡಿದ ಮೇಲೆ, ಆ ದಿನ ಅವನು ಟ್ಯೂಶನ್‌ಗೆ ಬಂದಿರಲಿಲ್ಲವೇ ಎಂದು ಕೇಳಿದಳು. ಬಂದಿರಲಿಲ್ಲ ಎಂದುಬಿಟ್ಟರು ಉಮಾವತಿ. ಆ ನಾಲಿಗೆಗೆ ಏನೆನ್ನಬೇಕು!

ಈ ವರ್ಷ ಜೆಸ್ಸಿ ಮಗಳು ಆಂಡ್ರಿಯಾಳನ್ನೂ ಅಲ್ಲಿಗೇ ಕಳಿಸಿದಳು. ಒಂದು ದಿನ ಹುಡುಗಿ ಎದ್ದುನಿಂತು, ಮನೆಗೆ ಕೊಟ್ಟ ಲೆಕ್ಕ ಬರಲಿಲ್ಲ, ಬೋರ್ಡಿನಲ್ಲಿ ಮಾಡಿ ಎಂದಳು. ಅದೇ ಲೆಕ್ಕ. ಟೀಚರ್ ಸೀಮೆಸುಣ್ಣ ಎತ್ತಿದರು. ಐದು ಎಂದು ಬರೆದದ್ದೇ ತಡ, ಯಾರೂ ಕೂರದ ಹಿಂದಿನ ಬೆಂಚಿನಿಂದ ಬಂತು:

"ಟೀಚರ್, ಸೊನ್ನೆಯೂ ಉಂಟಲ್ಲ?"

"ಉಂಟು ಮಗಾ. ತಪ್ಪು ನನ್ನದೇ," ಎಂದರು ಉಮಾವತಿ, ಜೋರಾಗಿಯೇ.

ಮಕ್ಕಳು ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು. ಆಂಡ್ರಿಯಾ ನಗಲಿಲ್ಲ, ತಿರುಗಿ ಖಾಲಿ ಬೆಂಚನ್ನೇ ನೋಡುತ್ತಿದ್ದಳು.

ಕ್ಲಾಸು ಬಿಟ್ಟ ಮೇಲೆ ಟೀಚರ್ ಅವಳೊಬ್ಬಳನ್ನೇ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದರು. ಆ ದಿನ ಅಣ್ಣನನ್ನು ತಾನೇ ಅಟ್ಟಿದ್ದು, ತಾಯಿಗೆ ಸುಳ್ಳು ಹೇಳಿದ್ದೂ ತಾನೇ, ಇವತ್ತು ಮನೆಗೆ ಬಂದು ಒಪ್ಪಿಕೊಳ್ಳುತ್ತೇನೆ ಎಂದರು. ಹುಡುಗಿ ಬಯ್ಯುತ್ತಾಳೆಂದು ಕಾದರು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಆ ದಿನ ಅವನು ನನಗೆ ಫೋನ್ ಮಾಡಿದ್ದ, ಟೀಚರ್," ಎಂದಳು ಆಂಡ್ರಿಯಾ. "ಮನೆಗೆ ಬರ್ಲಾ ಅಂತ ಕೇಳಿದ. ಮಮ್ಮಿ ಬೈತಾರೆ, ಟ್ಯೂಶನ್ ಬಿಡುವ ಆರು ಗಂಟೆವರೆಗೆ ಎಲ್ಲಿಯಾದರೂ ತಿರುಗಾಡು ಅಂದೆ. ಯಾರಿಗೂ ಹೇಳಿಲ್ಲ."

ನಿನ್ನ ತಪ್ಪಲ್ಲ ಎನ್ನಲು ಹೊರಟ ಟೀಚರ್ ಅದನ್ನು ಬಿಟ್ಟು ಅವಳ ಪಕ್ಕದಲ್ಲಿ ಕೂತರು. ಆ ಮಾತನ್ನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿರಲಿಲ್ಲ! ಕೊನೆಗೆ ಕೇಳಿದರು:

"ನಿನಗೂ ಅವನ ಸ್ವರ ಕೇಳ್ತದಾ?"

"ದಿನಾ ಕೇಳ್ತದೆ. ಈಗ ಬರ್ಲಾ ಅಂತ ಕೇಳ್ತಾನೆ."

"ನೀನು ಎಂತ ಹೇಳ್ತಿ?"

"ಬಾ ಅಂತೇನೆ, ಟೀಚರ್. ದಿನಾ ಬಾ ಅಂತೇನೆ."