ದೊರೆಯ ಎಡತೋಳು

ದೊರೆ ಜುನೈದು ಕೆಮ್ಮಿದರೆ ಏಳು ನಿಲುವಂಗಿಗಳು ರೆಕ್ಕೆ ಬಿಚ್ಚುತ್ತಿದ್ದವು. ಅವರು ಕುದುರೆಯಿಂದ ಇಳಿದರೆ, ಮುಂಡಾಸು ಸರಿಪಡಿಸಿಕೊಂಡರೆ, ಒಂದು ಗುಟುಕು ನೀರು ಕುಡಿದರೂ ಸಾಕು, ಊಳಿಗದವರು ಸುತ್ತ ನಿಂತು ಕೆಂಪು ಹಸಿರು ಅಂಗಿಗಳ ಅಂಚು ಹಿಡಿದೆತ್ತಿ ಅವರನ್ನು ಲೋಕದ ಕಣ್ಣಿನಿಂದ ಮರೆಮಾಡುತ್ತಿದ್ದರು. ಗರುನ್ ಕುಕದ ದೊರೆಗೂ ಮೈಯೊಂದಿದೆ ಎಂಬುದು ಪ್ರಜೆಗಳಿಗೆ ತಿಳಿಯಬಾರದು. ಆ ಏಳರಲ್ಲಿ ಮೊದಲು ಮೇಲೇಳುತ್ತಿದ್ದದ್ದು ಮುದುಕ ಬರಾವುವಿನ ಅಂಗಿ. ನಲವತ್ತು ವರ್ಷ, ಜುನೈದು, ಅವರಿಗೂ ಮೊದಲು ದೊರೆಯಾಗಿದ್ದ ತಂದೆ, ಇಬ್ಬರ ಕೆಮ್ಮನ್ನೂ ಮುಚ್ಚಿದವನು ಅವನು.

ತಂದೆಯದು ಆನೆಯ ನಡೆ. ಮಗ ಸರಸರನೆ ನಡೆಯುವವರು. ಮುಂದೆ ಓಡುವ ಭಟ ರೂಢಿಯಂತೆ "ಮೆಲ್ಲಗೆ, ಸಿಂಹವೇ, ಮೆಟ್ಟಿಲಿದೆ" ಎಂದು ಕೂಗಿ ಮುಗಿಸುವಷ್ಟರಲ್ಲಿ ಅವರು ಮೆಟ್ಟಿಲು ದಾಟಿರುತ್ತಿದ್ದರು. ಅವರ ಅಂಗಿಯ ಒಳಗೊಂದು ಗಡಿಯಾರ. ನ್ಯಾಯಸಭೆ ಕೂಡುವುದೂ ಏಳುವುದೂ ಅದರ ಮಾತಿನಂತೆ. ಊರಿನ ಬಾವಿಗಳಿಗೆ ಕಟ್ಟೆ ಕಟ್ಟಿಸಿದರು. ಅರಮನೆಯ ಹಳೆಯ ಲಾಯದಲ್ಲಿ ಶಾಲೆ ತೆರೆದರು. "ಕುದುರೆಗಳು ಹೋದ್ವು, ಕತ್ತೆಗಳು ಬಂದ್ವು" ಎಂದು ಬರಾವು ಗೊಣಗಿದ, ಅಷ್ಟೆ. ಅವನ ಅಂಗಿಯ ತಂಟೆಗೆ ಬಾರದ ಯಾವ ಹೊಸತನದ ಮೇಲೂ ಅವನಿಗೆ ಸಿಟ್ಟಿರಲಿಲ್ಲ.

ಮರಳುಗಾಡಿನ ಚಳಿಯ ಧೂಳುಗಾಳಿ ಬೀಸುವ ಕಾಲಕ್ಕೆ ಮೂಡಣ ಹಳ್ಳಿಯಲ್ಲಿ ಸಿಡುಬು ಕಾಣಿಸಿತು. ಸಿಡುಬು ತಗಲದಂತೆ ತೋಳು ಗೀರಿ ಮದ್ದು ಸೇರಿಸುವ, ದಾಕು ಹಾಕುವವನು ಊರಿಗೆ ಬಂದು ಮಸೀದಿಯ ಮುಂದೆ ಮೂರು ದಿನ ಕುಳಿತ. ಒಂದು ಮಗುವೂ ಬರಲಿಲ್ಲ. ಅದು ಬಿಳಿಯರು ತಮ್ಮ ಆಳುಗಳ ಮೇಲೆ ಒತ್ತುವ ಮುದ್ರೆಯೆಂದು ಸಂತೆಯಲ್ಲಿ ಸುದ್ದಿ. ಬರಾವು ತನ್ನ ಐದು ವರ್ಷದ ಮೊಮ್ಮಗಳು ಅಸಾಬೆಯನ್ನು ಹಿತ್ತಿಲ ಬರಿದಾದ ಕಣಜದೊಳಗೆ ಇಳಿಸಿ, ಹೊತ್ತು ಹೊತ್ತಿಗೆ ಮೇಲಿನಿಂದ ಸಜ್ಜೆಯುಂಡೆ, ಮಜ್ಜಿಗೆ ಇಳಿಬಿಡುತ್ತಿದ್ದ.

ಭಟರನ್ನು ಕಳಿಸಿ ಬಾಗಿಲು ಒಡೆಸಿರೆಂದು ಬಿಳಿಯ ಅಧಿಕಾರಿ ಸಲಹೆಯಿತ್ತ. ದೊರೆ ಕೆಮ್ಮಿದರು. ಒಲ್ಲೆ ಎನ್ನುವ ಮುಂಚೆ ಕೆಮ್ಮುವುದು ಅವರ ಅಭ್ಯಾಸ.

"ಬಾಗಿಲು ಒಡೆದ್ರೆ ಮಕ್ಕಳು ಹೊರಗೆ ಬರ್ತಾರೆ. ಭಯ ಒಳಗೇ ಉಳಿಯುತ್ತೆ."

ಅವರು ಮಾಡಹೊರಟದ್ದನ್ನು ಕೇಳಿ ಚಿಕ್ಕಪ್ಪ ಸಂಬೋ ತಲೆಯ ಮೇಲೆ ಕೈಹೊತ್ತರು. "ಬೇಡ ಮಗಾ. ಇವತ್ತು ತೋಳು ಕಂಡೋರು ನಾಳೆ ಪಕ್ಕೆಲುಬು ಎಣಿಸ್ತಾರೆ."

ಶುಕ್ರವಾರದ ನಮಾಜು ಮುಗಿದಿತ್ತು. ನೆರೆದ ಊರಿನ ನಡುವೆ ದೊರೆ ಬಂದು ದಾಕಿನವನ ಮುಂದಿನ ಮಣೆಯ ಮೇಲೆ ಕುಳಿತು ಎಡತೋಳು ಏರಿಸಿದರು. ಬರಾವುವಿನ ಅಂಗಿ ತಾನಾಗಿಯೇ ಮೇಲೆದ್ದಿತು; ಹಿಂದೆಯೇ ಉಳಿದ ಆರೂ.

"ಇಳಿಸು, ಬಾಬಾ."

"ಜನ ನೋಡ್ತಿದಾರೆ, ಸಿಂಹವೇ."

"ನೋಡ್ಲಿ ಅಂತಾನೇ ಬಂದೆ. ಮುಚ್ಚಿಟ್ಟಿದ್ದೆಲ್ಲ ಉಳಿಯುತ್ತೆ ಅಂದ್ಕೊಂಡಿದೀಯಾ?"

ಕಣಜದ ಸಂಗತಿ ದೊರೆಗೆ ತಿಳಿದಿತ್ತೋ ಇಲ್ಲವೋ, ಬರಾವು ಕೊನೆಯವರೆಗೂ ಅರಿಯಲಿಲ್ಲ. ಅಂಗಿ ಇಳಿಯಿತು. ನಲವತ್ತು ವರ್ಷ ಕಾದದ್ದನ್ನು ಅವನು ಅಂದು ಮೊದಲ ಸಲ ಕಂಡ: ಮದರಸಾದ ಬಡ ಮೇಷ್ಟ್ರದ್ದೆನ್ನಬಹುದಾದ ಸಣಕಲು ತೋಳು, ಚಳಿಗೆ ನಿಮಿರಿದ ರೋಮ, ಮೊಣಕೈ ಬಳಿ ಒಂದು ಮಚ್ಚೆ. ಸೂಜಿ ಗೀರಿದಾಗ ದೊರೆ ತುಟಿ ಕಚ್ಚಿದರು.

"ಅಯ್ಯೋ, ಇವ್ರಿಗೂ ನೋಯುತ್ತೆ ಕಣ್ರೇ!" ಎಂದಳು ಕಡಲೆಕಾಯಿ ಮಾರುವವಳು. ಯಾರೋ ನಕ್ಕರು. ಸಂಬೋ ಗೋಡೆಯ ಕಡೆ ಮುಖ ತಿರುಗಿಸಿದರು.

ಬರಾವು ದೊರೆ ಅರಮನೆಗೆ ಮರಳುವ ಮೆರವಣಿಗೆಗೆ ಕಾಯದೆ ಮನೆಗೆ ನಡೆದ. ಹೆಂಡತಿ ಲರಾಬ ಒನಕೆ ನಿಲ್ಲಿಸಿ, "ಏನಿಷ್ಟು ಬೇಗ? ದೊರೆ ಕೆಮ್ಮೋದು ಬಿಟ್ರಾ?" ಎಂದಳು.

"ಏಣಿ ತಾರೇ."

ಕೂದಲಿಗೆಲ್ಲ ಹೊಟ್ಟು ಮೆತ್ತಿಕೊಂಡ ಅಸಾಬೆ ಹೆಗಲೇರಿ ಕೇಳಿದಳು: "ನೋಯುತ್ತಾ, ತಾತ?"

"ನೋಯುತ್ತೆ. ದೊರೆಗೂ ನೋಯ್ತು."

ಸಂಜೆಯೊಳಗೆ ಮಸೀದಿಯ ಮುಂದೆ ಸಾಲು ಬೆಳೆದಿತ್ತು. ಸಂಬೋ ಹೇಳಿದ್ದೂ ಸುಳ್ಳಾಗಲಿಲ್ಲ. ಆಮೇಲೂ ಅಂಗಿಗಳು ಏಳುತ್ತಿದ್ದವು, ಆದರೆ ಜನ ಸಂದಿಯಲ್ಲಿ ಇಣುಕುತ್ತಿದ್ದರು. ಮೊದಲಿನಷ್ಟು ತಗ್ಗಿ ನೆಲಕ್ಕೆ ಹಣೆ ಹಚ್ಚುತ್ತಿರಲಿಲ್ಲ. ಅದು ದೊರೆಗೂ ಗೊತ್ತಾಗುತ್ತಿತ್ತು. ಅವರು ಇನ್ನಷ್ಟು ಬೇಗಬೇಗ ನಡೆಯುತ್ತಿದ್ದರು.

ಹಿರಿಯರಿಂದ ಬಂದ ಗೌರವವನ್ನು ಕಾಪಿಟ್ಟು ಮಕ್ಕಳಿಗೆ ದಾಟಿಸುವ ಅರಸರೇ ಹೆಚ್ಚು. ಕಾಲ ಮಗ್ಗುಲು ಬದಲಿಸುವಾಗ ಎಲ್ಲೋ ಒಬ್ಬರು ಅದನ್ನು ತಮ್ಮ ಆಯುಸ್ಸಿನಲ್ಲೇ ಜನರಿಗಾಗಿ ಸವೆಸಿ, ತಾವು ಒಂದಿಷ್ಟು ಕುಳ್ಳಗಾಗಿ ಉಳಿಯುತ್ತಾರೆ. ಅಂಥವರ ಶಾಸನ ಕಲ್ಲಿನ ಮೇಲೆ ಸಿಗುವುದಿಲ್ಲ. ಮುಪ್ಪಿನವರೆಗೂ ಬದುಕಿದ ಅಸಾಬೆಯಂಥವರ ಎಡತೋಳಿನ ಮೇಲೆ, ಹೆಬ್ಬೆರಳಗಲದ ಕಲೆಯಾಗಿ ಇರುತ್ತದೆ.