ಹೊಸಪೇಟೆ ಕಡೆಯ ಮಗ್ಗುಲು

ಕಂಪ್ಲಿಯಲ್ಲಿ ಈ ಸಂಗತಿಯನ್ನು ಹೇಳುವವರು ಎಂಜಿನಿಯರಮ್ಮನನ್ನು ತಮ್ಮೂರಿನವಳೆನ್ನುತ್ತಾರೆ. ಸಂಡೂರಿನ ಬಸ್ ನಿಲ್ದಾಣದ ಎದುರು ಚಹಾ ಮಾರುವ ನಿಂಗಕ್ಕ ಅದನ್ನು ಒಪ್ಪುವುದಿಲ್ಲ. ಎಲ್ಲವನ್ನೂ ಹತ್ತಿರದಿಂದ ಕಂಡವಳು ಅವಳೇ ಆದ್ದರಿಂದ ಅವಳು ಹೇಳಿದಂತೆಯೇ ಬರೆದಿದ್ದೇನೆ.

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ೨೦೦೬ರ ಬೇಸಿಗೆ. ಹೊಸಪೇಟೆ ರಸ್ತೆಯನ್ನು ಹೊಸದಾಗಿ ಕಟ್ಟುವ ಮುನ್ನ ವಾಹನಗಳನ್ನು ಎಣಿಸಬೇಕಿತ್ತು. ಎಂಜಿನಿಯರ್ ತ್ರಿವೇಣಿ, ಹತ್ತನೇ ತರಗತಿ ಮುಗಿಸಿದ ಕೂಲಿಕಾರರ ಹೆಣ್ಣುಮಕ್ಕಳನ್ನೇ ಎಣಿಕೆಗೆ ಕಳಿಸಿರೆಂದು ಹೆಡ್‌ಮಾಸ್ತರರನ್ನು ಕೇಳಿಕೊಂಡಳು. ಒಬ್ಬಳಾದರೂ ಮುಂದೆ ತನ್ನಂತೆ ಎಂಜಿನಿಯರಿಂಗ್ ಓದಲಿ ಎಂಬುದು ಅವಳ ಆಸೆ. ಬಂದವರಲ್ಲಿ ನಿಂಗಕ್ಕನ ನೆರೆಮನೆಯ ಶಿಲ್ಪಶ್ರೀ ಒಬ್ಬಳು. ಸೋಮವಾರದಿಂದ ಅವಳು ತಾಯಿ ದ್ಯಾಮಕ್ಕನೊಡನೆ ಅದಿರು ಒಡೆಯಲು ಹೋಗಬೇಕೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು.

ಶನಿವಾರ ಸಂಜೆ ನಿಂಗಕ್ಕನ ಅಂಗಡಿ ಮುಂದೆ ಎಣಿಕೆಯ ಮೇಲ್ವಿಚಾರಕ ಗುಡ್ಡಪ್ಪ ಅವಳ ಹಾಳೆ ನೋಡಿ ಸಿಡುಕಿದ.

"ಲಾರಿಗೊಂದು ಗೀಟು ಹಾಕಂದ್ರ, ಗೀಟಿಗೆ ಕೊಂಬು ಯಾಕ ಬಿಡಿಸೀದಿ? ಹಾಳಿ ಕೆಡಿಸಿಟ್ಟ್ಯಲ್ಲವ್ವಾ!"

"ಕೊಂಬು ಇದ್ದದ್ದು ತುಂಬಿದ ಲಾರಿ ರೀ ಅಣ್ಣಾ. ಬರೇ ಗೀಟು ಖಾಲಿ."

"ತುಂಬಿರ್ಲಿ, ಖಾಲಿ ಇರ್ಲಿ, ಲಾರಿ ಲಾರೀನ ಅಲ್ಲೇನು?"

"ರಸ್ತಿಗೆ ಅಲ್ರಿ. ದಿನಾ ಸಾಲಿಗೆ ನಡಕೊಂಡು ಹೋಗಾಕಿ ನಾನು. ತುಂಬಿದ್ದೆಲ್ಲ ಹೊಸಪೇಟಿ ಕಡೆ ಹೋಗ್ತಾವ, ಆ ಮಗ್ಗಲು ಪೂರಾ ತಗ್ಗು ಬಿದ್ದೈತಿ. ಬರೋ ಮಗ್ಗಲು ನೆಟ್ಟಗೈತಿ."

ತ್ರಿವೇಣಿ ಹಾಳೆ ಕೈಗೆತ್ತಿಕೊಂಡಳು. ಅವಳೇ ಬರೆದ ನಕ್ಷೆಯಲ್ಲಿ ರಸ್ತೆಯ ಎರಡೂ ಮಗ್ಗುಲಿಗೆ ಒಂದೇ ದಪ್ಪವಿತ್ತು. ಹುಡುಗಿಯನ್ನು ಕರೆದುಕೊಂಡು ಒಂದು ಮೈಲಿ ನಡೆದು ನೋಡಿದಳು. ಹುಡುಗಿ ಹೇಳಿದಂತೆಯೇ ಇತ್ತು.

"ಡಿಪ್ಲೊಮಾಕ್ಕ ಅರ್ಜಿ ಹಾಕ್ತೀಯೇನು?"

"ಅವ್ವ ಒಲ್ಲೆ ಅಂತಾಳ್ರಿ."

ಮರುದಿನ ತ್ರಿವೇಣಿ ಅರ್ಜಿ ಹಿಡಿದು ಅವರ ಮನೆಗೆ ಹೋದಳು.

"ಕುಂದ್ರಿ, ಮೇಡಮ್ಮಾರ," ಎಂದಳು ದ್ಯಾಮಕ್ಕ. "ರಸ್ತಿ ಕೆಲಸ ನಾನೂ ಮಾಡೀನ್ರಿ, ಎರಡು ವರ್ಷ ಖಡಿ ಕಲ್ಲು ಹೊತ್ತೀನಿ. ಬುಟ್ಟಿ ಹೊರಾಕ ಕಾಲೇಜು ಯಾಕ ಬೇಕು?"

"ಬುಟ್ಟಿ ಎಲ್ಲಿ ಸುರೀಬೇಕಂತ ಯಾರು ಹೇಳ್ತಿದ್ರು?"

"ಕಾಗದ ಹಿಡಕೊಂಡ ಸಾಹೇಬ್ರು. ಒಮ್ಮೆ ತಪ್ಪು ಹೇಳಿ, ಸುರಿದದ್ದನ್ನೆಲ್ಲ ನಮ್ಮ ಕೈಲೇ ತಿರಗಾ ತೆಗಿಸಿದ್ರು, ಪುಣ್ಯಾತ್ಮರು!"

"ನಿನ್ನೆ ಹಂಗ ತಪ್ಪು ಹೇಳಾಕ ಹೊಂಟಾಕಿ ನಾನು. ನಿಮ್ಮ ಮಗಳು ತಡದ್ಲು."

ದ್ಯಾಮಕ್ಕ ಮಗಳತ್ತ ತಿರುಗಿದಳು. "ಹೌದೇನ? ಬೈಲಿಲ್ಲೇನು?"

"ಇಲ್ಲಬೇ. ನೋಡಾಕ ನನ್ನ ಕೂಡ ನಡಕೊಂತ ಬಂದ್ರು."

ದ್ಯಾಮಕ್ಕ ಮತ್ತೆ ತ್ರಿವೇಣಿಯತ್ತ ತಿರುಗಿದಳು. "ಓದಿದ ಮ್ಯಾಲೆ ಇಕಿ ಮಾತು ಗಂಡಸರು ಕೇಳ್ತಾರೇನ್ರಿ?"

"ಎಲ್ಲಾರೂ ಕೇಳೂದಿಲ್ಲ. ಗುಡ್ಡಪ್ಪ ನನ್ನ ಮಾತು ಕೇಳಾಕ ಒಂದು ವರ್ಷ ಹಿಡೀತು."

"ಕೇಳ್ತಾರ ಅಂದಿದ್ರ ನಂಬ್ತಿದ್ದಿಲ್ಲ ನಾನು," ಎಂದು ದ್ಯಾಮಕ್ಕ ಸೆರಗು ಕೊಡವಿ ಎದ್ದಳು. ನಾಳೆ ಅದಿರು ಒಡೆಯಲು ತಾನೊಬ್ಬಳೇ ಬರುವುದಾಗಿ ಗಣಿಯ ಮೇಸ್ತ್ರಿಗೆ ತಿಳಿಸಲು ಹೊರಟವಳು ಅಂಗಳದಿಂದಲೇ ಕೂಗಿದಳು: "ಅರ್ಜಿ ತುಂಬವಾ. ನಾ ಹೆಬ್ಬಟ್ಟು ಎಲ್ಲಿ ಒತ್ತಬೇಕೋ ನೋಡಿಟ್ಟಿರು."