ಆಸರೆಯ ಪೈಪು

"ನಿಲ್ಸಣ್ಣ! ನಿಲ್ಸು!" ಗೀತಾಂಜಲಿ ಫೋನಿನಲ್ಲಿ ಕೂಗಿದಳು.

ಇಂದು ನೆಲದ ಮೇಲೆ ಓಡಿಸಿ ನೋಡುವುದಷ್ಟೇ, ಹಾರಿಸುವುದಿಲ್ಲ ಎಂದು ಮೂವರೂ ಒಪ್ಪಿದ್ದರು. ಕೊಳವಳ್ಳಿಯ ಕೊಯ್ಲಾದ ಗದ್ದೆಯಲ್ಲಿ ಪುಟ್ಟ ವಿಮಾನ ಆಗ ಮೂರನೆಯ ಸಲ ಓಡುತ್ತಿತ್ತು. ಚಕ್ರ ಕುಪ್ಪಳಿಸಿದಾಗಲೆಲ್ಲ ಎಡರೆಕ್ಕೆ ಕೆಳಕ್ಕೆ ಜಗ್ಗುತ್ತಿತ್ತು. ಅದಕ್ಕೆ ಓರೆಯಾಗಿ ಆಸರೆ ಕೊಟ್ಟಿದ್ದ ಅಲ್ಯೂಮಿನಿಯಂ ಪೈಪು ಬಿಲ್ಲಿನಂತೆ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು.

ವಿಮಾನ ಓಡಿಸುತ್ತಿದ್ದ ಅವಳ ಅಣ್ಣ ಗಿರೀಶ್ ಬ್ರೇಕ್ ಒತ್ತಿದ. ಹುಲ್ಲಿನ ಮೇಲೆ ಚಕ್ರ ಜಾರಿತು. ಎದುರಿಗೆ ಬದು, ಬದುವಿನಾಚೆ ಕಬಿನಿ ಹೊಳೆ. ಬೇರೆ ದಾರಿಯಿಲ್ಲದೆ ಅವನು ವಿಮಾನವನ್ನು ಮೇಲಕ್ಕೆಬ್ಬಿಸಿದ.

"ಪಾರಾದ!" ಎಂದು ಸುಧೀಷ್ ಚಪ್ಪಾಳೆ ತಟ್ಟಿದ. ಮುಳ್ಳನ್‌ಕೊಲ್ಲಿಯ ತನ್ನ ವರ್ಕ್‌ಶಾಪಿನಲ್ಲಿ ಎರಡು ವರ್ಷ ಬೆಸುಗೆ ಹಾಕಿ ಅದನ್ನು ಕಟ್ಟಿದವನು ಅವನೇ. ಗೀತಾಂಜಲಿಯ ಮುಖ ನೋಡಿ ಅವನ ಕೈ ನಿಂತಿತು. "ಎಂತ ಆಯ್ತು ಟೀಚರೇ?"

"ಆ ಪೈಪು ಸಾಲದು."

"ಮರಳು ಚೀಲ ಹೇರಿ ನೋಡಿದ್ವಲ್ಲ?"

ನೋಡಿದ್ದರು, ರೆಕ್ಕೆಯನ್ನು ಮಗುಚಿ ಹಾಕಿ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ, ಪೈಪು ಎಳೆತಕ್ಕೆ ಸಿಗುತ್ತದೆ; ಮಗುಚಿದ ರೆಕ್ಕೆಯ ಮೇಲಿನ ಚೀಲಗಳು ಪರೀಕ್ಷಿಸಿದ್ದು ಅದನ್ನಷ್ಟೇ. ಬಲಗಡೆ ಹಾಕಿದಂಥ ದಪ್ಪ ಪೈಪು ಎಡಕ್ಕೆ ಸಿಗಲಿಲ್ಲ, ತೆಳುವಾದದ್ದು ನಡೆದೀತೇ ಎಂದು ಸುಧೀಷ್ ಕೇಳಿದಾಗ ಅವಳು ಆ ಎಳೆತವನ್ನಷ್ಟೇ ಲೆಕ್ಕ ಹಾಕಿ "ಧಾರಾಳ" ಅಂದಿದ್ದಳು. ಆದರೆ ಇಳಿಯುವಾಗ ನೆಲಕ್ಕೆ ಬಡಿದರೆ ರೆಕ್ಕೆಯ ಭಾರವೆಲ್ಲ ಕೆಳಮುಖವಾಗಿ ಅದೇ ಪೈಪನ್ನು ಒತ್ತುತ್ತದೆ. ಉದ್ದನೆಯ ತೆಳು ಪೈಪು ಎಳೆದರೆ ಹರಿಯುವುದಿಲ್ಲ, ಒತ್ತಿದರೆ ಮಡಚಿಕೊಳ್ಳುತ್ತದೆ. ಬತ್ತೇರಿಯ ಕಾಲೇಜಿನಲ್ಲಿ ಪ್ರತಿವರ್ಷ ಪೊರಕೆಕಡ್ಡಿಯನ್ನು ಬೆರಳುಗಳ ನಡುವೆ ಒತ್ತಿ ಮಕ್ಕಳಿಗೆ ತೋರಿಸುತ್ತಿದ್ದವಳು ಅವಳೇ.

ಹೇಳಿದರೆ ಅಣ್ಣನ ಕೈ ನಡುಗಬಹುದು. ಹೇಳದಿದ್ದರೆ ಅವನು ಎಂದಿನಂತೆ ಧೊಪ್ಪೆಂದು ಇಳಿಸುತ್ತಾನೆ. ಮೈಸೂರಿನಲ್ಲಿ ಹಾರಲು ಕಲಿಯುವಾಗಲೂ ಅವನು ಬೈಸಿಕೊಂಡದ್ದು ಅದೊಂದಕ್ಕೇ. ವಿಮಾನ ಹೊಳೆಯ ಮೇಲೆ ಸುತ್ತು ಹಾಕಿ ತಿರುಗಿತು. ಅವಳು ಫೋನನ್ನು ಬಾಯಿಯ ಹತ್ತಿರಕ್ಕೆ ತಂದಳು.

"ಅಣ್ಣ, ಕೇಳ್ತಾ ಇದ್ಯಾ?"

"ಕೇಳ್ತೈತೆ ಕಣಮ್ಮಿ. ಏನು ಚೆನ್ನಾಗಿ ಹಾರ್ತೈತೆ ಗೊತ್ತಾ!"

"ಹಾರೋಕೆ ತೊಂದ್ರೆ ಇಲ್ಲ. ಇಳಿಯೋವಾಗ ಎಡಗಡೆ ಪೈಪು ಮಡಚ್ಕೋಬೋದು. ನಾನು ಲೆಕ್ಕ ತಪ್ಪಿದೀನಿ."



"ಎಷ್ಟು ತಪ್ಪಿದೀಯೆ?"

"ಗೊತ್ತಿಲ್ಲ."

ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. "ಏನ್ ಮಾಡ್ಲಿ, ಹೇಳು."

"ಬದು ದಾಟಿದ್ಮೇಲೆ ಅವಸರ ಮಾಡ್ಬೇಡ. ತುಂಬಿದ ಹಾಲಿನ ಪಾತ್ರೆ ಇಡ್ತಾರಲ್ಲ, ಹಂಗೆ ಇಡು. ಭಾರ ಬಲಗಡೆ ಚಕ್ರದ ಮೇಲೆ ಮೊದ್ಲು ಬೀಳ್ಲಿ."

ಸುಧೀಷ್ ಮೊಣಕಾಲೂರಿ ಕೂತುಬಿಟ್ಟಿದ್ದ. "ಎಂಡೆ ದೈವಮೇ," ಎಂದು ತನ್ನ ಮಲಯಾಳದಲ್ಲಿ ದೇವರನ್ನು ಕರೆದ.

ವಿಮಾನ ಬದುವನ್ನು ದಾಟಿತು. ಒಂದಾಳೆತ್ತರದಲ್ಲಿ ಅದು ಇಳಿಯದೆ ತೇಲಿತು, ಇನ್ನೂ ತೇಲಿತು. ಗದ್ದೆ ಮುಗಿದೇಹೋಗುತ್ತದೆ ಎನ್ನಿಸಿತು ಗೀತಾಂಜಲಿಗೆ. ಬಲಚಕ್ರ ಹುಲ್ಲನ್ನು ಸವರಿತು. ಎಡಚಕ್ರ ತಾಗಿ ಒಮ್ಮೆ ಎಗರಿತು, ಮತ್ತೆ ತಾಗಿತು. ಪಟ್ಟೆಂದು ಸದ್ದಾಯಿತು. ಪೈಪು ನಡುವಿನಲ್ಲಿ ಮಡಚಿ ಎಡರೆಕ್ಕೆ ನೆಲಕ್ಕೊರಗಿತು; ವಿಮಾನ ಅದರ ಸುತ್ತ ಅರ್ಧ ಸುತ್ತು ತಿರುಗಿ, ಧೂಳೆಬ್ಬಿಸಿ ನಿಂತಿತು.

ಅವಳು ಓಡಿದಳು. ಗಿರೀಶ್ ಕೂತೇ ಇದ್ದ, ಕಣ್ಣು ತೆರೆದೇ ಇದ್ದವು.

"ಪೆಟ್ಟಾಯ್ತಾ ಅಣ್ಣ?"

ಇಲ್ಲವೆಂದು ತಲೆಯಾಡಿಸಿದ. ಬೆಲ್ಟು ಬಿಚ್ಚಲು ಹೋದ. ಬೆರಳು ಮಾತು ಕೇಳಲಿಲ್ಲ. ಅವಳು ಕೈಹಾಕಿದಳು. ಅವಳ ಬೆರಳೂ ಕೇಳಲಿಲ್ಲ. ಆ ಕೊಕ್ಕೆಯ ಮೇಲೆ ನಾಲ್ಕು ಕೈಗಳು ಸುಮ್ಮನೆ ಒಂದರ ಮೇಲೊಂದು ಬಿದ್ದಿದ್ದವು. ಆರುತ್ತಿದ್ದ ಎಂಜಿನ್ನು ಟಿಕ್ ಟಿಕ್ ಎನ್ನುತ್ತಿತ್ತು.